ಚಿಪ್‌ನ ಕರಡು ತಿದ್ದುವವರು

ತಂತ್ರಾಂಶದಲ್ಲಿ ಉಳಿದುಹೋದ ತಪ್ಪನ್ನು ಅದು ಬಿಡುಗಡೆಯಾದ ಮಾರನೆಯ ದಿನವೂ ತಿದ್ದಿ ಹೊಸ ಆವೃತ್ತಿಯನ್ನು ಬಳಕೆದಾರರಿಗೆ ತಲುಪಿಸಬಹುದು. ಸಿಲಿಕಾನ್ ಬಿಲ್ಲೆಯ ಮೇಲೆ ಒಮ್ಮೆ ಮೂಡಿದ ಚಿಪ್‌ನಲ್ಲಿ ಉಳಿದ ತಪ್ಪಾದರೋ ಆ ಚಿಪ್ ಬಾಳುವಷ್ಟು ಕಾಲವೂ ಅದರ ಜತೆಗೇ ಇರುತ್ತದೆ. ಇಂಟೆಲ್ ಕಂಪನಿಯ ಪೆಂಟಿಯಮ್ ಪ್ರೊಸೆಸರ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂಬುದು 1994ರಲ್ಲಿ ಬೆಳಕಿಗೆ ಬಂದಿತು. ಭಾಗಾಕಾರದ ಲೆಕ್ಕಕ್ಕೆಂದು ಚಿಪ್‌ನೊಳಗೆ ಇರಿಸಿದ್ದ ಕೋಷ್ಟಕದಲ್ಲಿ ಐದು ಮನೆಗಳು ತುಂಬದೆ ಉಳಿದದ್ದೇ ಅದರ ಕಾರಣವಾಗಿದ್ದು, ಆ ದೋಷವನ್ನು ಲೋಕದ ಗಮನಕ್ಕೆ ತಂದವರು ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುವ ಲೆಕ್ಕದಲ್ಲಿ ತೊಡಗಿದ್ದ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ. ಕಂಪನಿಯ ಹೊರಗಿದ್ದ, ಚಿಪ್ ವಿನ್ಯಾಸಕಾರರಲ್ಲದ ಒಬ್ಬ ಬಳಕೆದಾರರು ಬೆರಳಿಟ್ಟು ತೋರಿಸಿದ ಆ ತಪ್ಪಿಗಾಗಿ ಇಂಟೆಲ್ ತನ್ನ ಲೆಕ್ಕಪತ್ರದಲ್ಲಿ ನಮೂದಿಸಿದ ಹೊರೆ 47.5 ಕೋಟಿ ಡಾಲರ್.

ಮುಕ್ತ ಯಂತ್ರಾಂಶದ ಯೋಜನೆಗೆ ಸ್ವಯಂಸೇವಕರಾಗಿ ಕಾಲಿಡುವವರಿಗೆ ಈ ಪ್ರಕರಣದಲ್ಲಿ ದಾರಿಯೊಂದು ಕಾಣುತ್ತದೆ. ಯಾವ ವಸ್ತುವಿನ ವಿನ್ಯಾಸದ ಕಡತಗಳನ್ನು ಯಾರು ಬೇಕಾದರೂ ಓದಿ, ಕಲಿತು, ಬದಲಿಸಿ, ತಯಾರಿಸಿ, ಮಾರಲೂ ಸಾಧ್ಯವಾಗುವಂತೆ ಪ್ರಕಟಿಸಲಾಗಿರುತ್ತದೆಯೋ ಅದನ್ನು ಮುಕ್ತ ಯಂತ್ರಾಂಶ ಎನ್ನುತ್ತಾರೆ. ಈ ಅರ್ಥವನ್ನು ಹಲವರು ಕೂಡಿ ವಿಧ್ಯುಕ್ತವಾಗಿ ಬರೆದಿರಿಸಿದ್ದು 2011ರಲ್ಲಿ. ಇಂಥ ಯೋಜನೆಗೆ ಬರುವ ಹೊಸಬರಲ್ಲಿ ಹೆಚ್ಚಿನವರು ಮೊದಲ ದಿನವೇ ಏನಾದರೊಂದು ಹೊಸ ಭಾಗವನ್ನು ವಿನ್ಯಾಸಗೊಳಿಸಬೇಕೆಂಬ ಹಂಬಲದಿಂದ ಬರುತ್ತಾರೆ, ಹಾಗೂ ಅದು ಕೈಗೂಡದೆ ಕೆಲವೇ ವಾರಗಳಲ್ಲಿ ಹಿಂದಿರುಗುತ್ತಾರೆ. ಚಿಪ್‌ಗೆ ಬೇಕಾದದ್ದು ಬೇರೆ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಕರಡಚ್ಚನ್ನು ಮೂಲದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವವರು ಹೇಗೆ ಬೇಕೋ ಹಾಗೆ, ವಿನ್ಯಾಸ ಸಿಲಿಕಾನ್‌ಗೆ ಇಳಿಯುವ ಮುನ್ನ ಅದನ್ನು ನಿರ್ದೇಶನ ಗ್ರಂಥದೊಡನೆ ಹೋಲಿಸಿ ನೋಡುವ ಕಣ್ಣುಗಳು ಬೇಕು. ಆ ಕಣ್ಣುಗಳು ವಿನ್ಯಾಸಕಾರರವೇ ಆಗಿರಬೇಕಾಗಿಲ್ಲ, ಆಗಿರದಿದ್ದರೆ ಒಳ್ಳೆಯದು ಕೂಡ. ಬರೆದವರ ಕಣ್ಣಿಗೆ ತಮ್ಮದೇ ಕಾಗುಣಿತದ ತಪ್ಪು ಕಾಣಿಸುವುದಿಲ್ಲವೆಂಬುದು ಅಚ್ಚಿನ ಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ.

ಈ ಕೆಲಸಕ್ಕೆ ಭಾರತದಲ್ಲಿ ದೊರೆಯುವ ಅತ್ಯುತ್ತಮ ನೆಲೆಗಳಲ್ಲಿ ಒಂದು ಚೆನ್ನೈಯಲ್ಲಿದೆ. ಅಲ್ಲಿನ ಐಐಟಿ ಮದ್ರಾಸಿನ ಗಣಕವಿಜ್ಞಾನ ವಿಭಾಗದ ‘ರೈಸ್’ ಪ್ರಯೋಗಾಲಯದಲ್ಲಿ, ಪ್ರಾಧ್ಯಾಪಕ ವಿ. ಕಾಮಕೋಟಿ ಮತ್ತು ಜಿ.ಎಸ್. ಮಧುಸೂದನ್ ಅವರ ಮುಂದಾಳತ್ವದಲ್ಲಿ, 2014ರ ಸುಮಾರಿಗೆ ‘ಶಕ್ತಿ’ ಎಂಬ ಪ್ರೊಸೆಸರ್ ಯೋಜನೆ ಆರಂಭವಾಯಿತು. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಸ್ಥಾಪಿತವಾದ ಇದೇ ಸಂಸ್ಥೆಗೆ 1973ರಲ್ಲಿ ಐಬಿಎಂ 370 ಗಣಕಯಂತ್ರ ಬಂದಿತ್ತು. ಅದನ್ನು ಬಳಸಿ ಒಂದು ತಲೆಮಾರು ಪ್ರೋಗ್ರಾಮಿಂಗ್ ಕಲಿಯಿತಾದರೂ, ಆ ಯಂತ್ರದ ಒಳವಿನ್ಯಾಸ ತಯಾರಕರ ಸೊತ್ತಾಗಿಯೇ ಉಳಿಯಿತು. ನಾಲ್ಕು ದಶಕಗಳ ಬಳಿಕ ಅದೇ ಆವರಣದಲ್ಲಿ ಹುಟ್ಟಿದ ಪ್ರೊಸೆಸರಿನ ಪ್ರತಿಯೊಂದು ಸಾಲನ್ನೂ ಹುಬ್ಬಳ್ಳಿಯ ಅಥವಾ ಕಾಸರಗೋಡಿನ ವಿದ್ಯಾರ್ಥಿ ತನ್ನ ಗಣಕದಲ್ಲಿ ಇಳಿಸಿಕೊಂಡು ಓದಬಹುದೆಂಬುದು ಸಣ್ಣ ಬದಲಾವಣೆಯಲ್ಲ.

ಶಕ್ತಿಯನ್ನು ಓದಲು ತೊಡಗುವ ಮುನ್ನ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಹೊಸಬರು ಇಲ್ಲಿಯೇ ಎಡವುತ್ತಾರೆ. ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆದೇಶಗಳು ಯಾವುವು, ಪ್ರತಿಯೊಂದರ ಫಲವೇನು, ಅದನ್ನು ಸೊನ್ನೆ ಒಂದುಗಳಲ್ಲಿ ಬರೆಯುವುದು ಹೇಗೆ ಎಂಬುದನ್ನು ಗೊತ್ತುಪಡಿಸುವ ಗ್ರಂಥವನ್ನು ಆದೇಶ ಸಂಹಿತೆ ಎನ್ನಬಹುದು. ಆ ಸಂಹಿತೆಯಂತೆ ನಡೆಯುವ ಯಂತ್ರ ಬೇರೆ. ಶಕ್ತಿ ಅನುಸರಿಸುವ ಸಂಹಿತೆಯ ಹೆಸರು ರಿಸ್ಕ್-ಫೈವ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಕ್ರಿಸ್ಟೆ ಅಸನೊವಿಚ್, ಡೇವಿಡ್ ಪ್ಯಾಟರ್ಸನ್ ಹಾಗೂ ಅವರ ವಿದ್ಯಾರ್ಥಿಗಳು 2010ರಲ್ಲಿ ಆರಂಭಿಸಿದ ಈ ಸಂಹಿತೆಯನ್ನು ಬಳಸಲು ಯಾರಿಗೂ ಶುಲ್ಕ ತೆರಬೇಕಾಗಿಲ್ಲ. ಆದರೆ ಸಂಹಿತೆ ಮುಕ್ತವಾದ ಮಾತ್ರಕ್ಕೆ ಯಂತ್ರ ಮುಕ್ತವಾಗುವುದಿಲ್ಲ. ರಿಸ್ಕ್-ಫೈವ್ ಅನುಸರಿಸಿ ಗುಟ್ಟಿನಲ್ಲಿ ಚಿಪ್ ರಚಿಸಿ ಮಾರುವ ಕಂಪನಿಗಳು ಅನೇಕ. ಶಕ್ತಿಯ ವಿಶೇಷವೆಂದರೆ ಸಂಹಿತೆಯೂ ಮುಕ್ತ, ಅದನ್ನು ನಡೆಸುವ ಯಂತ್ರದ ವಿನ್ಯಾಸವೂ ಮುಕ್ತ.

ಸಂಹಿತೆಯ ಗ್ರಂಥ ನೋಡಲು ದಪ್ಪವಾಗಿ ಹೆದರಿಸುತ್ತದಾದರೂ ಅದರ ತಳಹದಿ ಬಹಳ ಚಿಕ್ಕದು. 32 ಬಿಟ್‌ಗಳ ಮೂಲ ಸಂಹಿತೆಯಲ್ಲಿ ಇರುವುದು 40 ಆದೇಶಗಳು ಮಾತ್ರ. ಅಂಕಿಗಳನ್ನು ಹಿಡಿದಿಡುವ 32 ರಿಜಿಸ್ಟರ್‌ಗಳಲ್ಲಿ ಮೊದಲನೆಯದು ಯಾವಾಗಲೂ ಸೊನ್ನೆ, ಅದರಲ್ಲಿ ಏನು ಬರೆದರೂ ಉಳಿಯುವುದಿಲ್ಲ. ಗುಣಾಕಾರ ಭಾಗಾಕಾರಗಳೂ ಮೂಲದಲ್ಲಿಲ್ಲ, ಅವು ಪ್ರತ್ಯೇಕ ವಿಸ್ತರಣೆಯಾಗಿ ಸೇರುತ್ತವೆ. ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ ಈ ಭಾಗವನ್ನು ಮನಸ್ಸಿಟ್ಟು ಓದಿದರೆ ಹದಿನೈದು ದಿನಗಳಲ್ಲಿ ಮುಗಿಸಬಹುದು. ಸ್ವಯಂಸೇವಕರು ಮೊದಲು ಮಾಡಬೇಕಾದ ಕೆಲಸವೂ ಇದೇ, ಏಕೆಂದರೆ ಮೂಲಪ್ರತಿಯನ್ನು ಓದದೆ ಕರಡು ತಿದ್ದಲು ಬರುವುದಿಲ್ಲ.

ಇನ್ನು ಯಂತ್ರದ ವಿಚಾರ. ಶಕ್ತಿ ಎಂಬುದು ಒಂದೇ ಪ್ರೊಸೆಸರ್ ಆಗಿರದೆ ಪ್ರೊಸೆಸರ್‌ಗಳ ಕುಟುಂಬವಾಗಿದೆ. ಸಣ್ಣ ಉಪಕರಣಗಳಿಗೆಂದು ರಚಿತವಾದ ಇ-ಕ್ಲಾಸ್ ಮೂರು ಹಂತಗಳಲ್ಲಿ ಕೆಲಸ ಮಾಡಿದರೆ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನೇ ನಡೆಸಬಲ್ಲ ಸಿ-ಕ್ಲಾಸ್ ಅದಕ್ಕಿಂತ ದೊಡ್ಡದು. ಹಂತಗಳೆಂದರೇನೆಂಬುದನ್ನು ಮದುವೆಮನೆಯ ಪಂಕ್ತಿಯನ್ನು ಕಂಡವರಿಗೆ ಸುಲಭವಾಗಿ ತಿಳಿಸಬಹುದು. ಒಂದು ಎಲೆಗೆ ಉಪ್ಪಿನಿಂದ ಪಾಯಸದವರೆಗೆ ಎಲ್ಲವನ್ನೂ ಬಡಿಸಿ ಮುಗಿಸಿದ ಮೇಲೆ ಮುಂದಿನ ಎಲೆಗೆ ಹೋಗುವ ಪದ್ಧತಿ ಎಲ್ಲಿಯೂ ಇಲ್ಲ. ಉಪ್ಪು ಬಡಿಸುವವರು ಐದನೆಯ ಎಲೆಯ ಮುಂದಿರುವಾಗ ಕೋಸಂಬರಿಯವರು ನಾಲ್ಕನೆಯದರಲ್ಲಿ, ಪಲ್ಯದವರು ಮೂರನೆಯದರಲ್ಲಿ ಇರುತ್ತಾರೆ. ಪ್ರೊಸೆಸರಿನಲ್ಲಿಯೂ ಒಂದು ಆದೇಶದ ಫಲವನ್ನು ಬರೆಯುತ್ತಿರುವಾಗ ಅದರ ಹಿಂದೆಯೇ ಬರುವ ಆದೇಶದ ಲೆಕ್ಕ ನಡೆಯುತ್ತಿರುತ್ತದೆ, ಅದರ ನಂತರದ್ದನ್ನು ಸ್ಮೃತಿಯಿಂದ ತರಲಾಗುತ್ತಿರುತ್ತದೆ. ಎಲ್ಲವೂ ಸಲೀಸಾಗಿ ಸಾಗುವವರೆಗೆ ತೊಂದರೆಯಿಲ್ಲ. ಅನ್ನದವರ ಪಾತ್ರೆ ನಡುವೆ ಖಾಲಿಯಾಗಿ ಅವರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ, ಆ ಗಡಿಬಿಡಿಯಲ್ಲಿ ಯಾವುದೋ ಎಲೆಗೆ ಎರಡು ಸಲ ಪಲ್ಯ ಬೀಳುತ್ತದೆ, ಇನ್ನಾವುದಕ್ಕೋ ಬೀಳುವುದೇ ಇಲ್ಲ. ಚಿಪ್‌ನ ತಪ್ಪುಗಳು ಹೆಚ್ಚಾಗಿ ಅಡಗಿರುವುದೂ ಇಂಥ ತಡೆಗಳ ಸುತ್ತಲೇ: ಹೆಚ್ಚು ಹೊತ್ತು ಹಿಡಿಯುವ ಭಾಗಾಕಾರದ ಬೆನ್ನಿಗೇ ಅದರ ಉತ್ತರವನ್ನು ಬೇಡುವ ಆದೇಶ ಬಂದಾಗ, ಅಥವಾ ಲೆಕ್ಕ ಅರ್ಧದಲ್ಲಿರುವಾಗ ಹೊರಗಿನಿಂದ ತುರ್ತು ಕರೆ ಬಂದಾಗ.

ಈ ವಿನ್ಯಾಸವನ್ನು ಬರೆದಿರುವ ಭಾಷೆ ಬ್ಲೂಸ್ಪೆಕ್. ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ, ಐಐಟಿ ಕಾನ್ಪುರದ ಹಳೆಯ ವಿದ್ಯಾರ್ಥಿ ಅರವಿಂದ್ ಅವರ ಸಂಶೋಧನೆಯಿಂದ ಹುಟ್ಟಿದ ಇದರಲ್ಲಿ ಯಂತ್ರದ ನಡೆಯನ್ನು ನಿಯಮಗಳಾಗಿ ಬರೆಯಲಾಗುತ್ತದೆ; ಪ್ರತಿಯೊಂದು ನಿಯಮಕ್ಕೂ ಕಾವಲಿನಂತೆ ಒಂದು ಷರತ್ತು ಇರುತ್ತದೆ, ಷರತ್ತು ಈಡೇರಿದಾಗ ಮಾತ್ರ ನಿಯಮ ಜಾರಿಗೆ ಬರುತ್ತದೆ, ಬಂದರೆ ಪೂರ್ತಿಯಾಗಿ ಬರುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ. ಓದುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ, ಏಕೆಂದರೆ ಇಡೀ ಪ್ರೊಸೆಸರನ್ನು ತಲೆಯಲ್ಲಿ ಹೊತ್ತುಕೊಳ್ಳದೆ ಒಂದೊಂದೇ ನಿಯಮವನ್ನು ಬಿಡಿಯಾಗಿ ಪರೀಕ್ಷಿಸಬಹುದು. ಆದರೆ ಈ ಭಾಷೆಯ ಕತೆಯಲ್ಲಿಯೇ ಮುಕ್ತ ಯಂತ್ರಾಂಶದ ಒಂದು ನೋವೂ ಅಡಗಿದೆ. ಬ್ಲೂಸ್ಪೆಕ್‌ನಲ್ಲಿ ಬರೆದುದನ್ನು ಸಾಮಾನ್ಯ ಸಾಧನಗಳಿಗೆ ತಿಳಿಯುವ ವೆರಿಲಾಗ್ ರೂಪಕ್ಕೆ ತಿರುಗಿಸುವ ಕಂಪೈಲರ್ ಬಹುಕಾಲ ಖಾಸಗಿ ಕಂಪನಿಯ ಪರವಾನಗಿಗೆ ಒಳಪಟ್ಟಿತ್ತು. ಹೀಗಾಗಿ ಶಕ್ತಿಯ ಮೂಲ ಬರಹ ಎಲ್ಲರಿಗೂ ತೆರೆದಿದ್ದರೂ, ಅದರಲ್ಲಿ ಒಂದು ಸಾಲನ್ನು ಬದಲಿಸಿ ಫಲವೇನೆಂದು ನೋಡುವ ಸೌಕರ್ಯ ಪರವಾನಗಿ ಉಳ್ಳವರಿಗೆ ಮಾತ್ರ ಇತ್ತು. ಗ್ರಂಥಾಲಯದ ಬಾಗಿಲು ತೆರೆದು ದೀಪವನ್ನು ಬೀಗದೊಳಗೆ ಇರಿಸಿದಂತಿದ್ದ ಈ ಸ್ಥಿತಿ ಕೊನೆಗೊಂಡದ್ದು 2020ರ ಜನವರಿಯಲ್ಲಿ, ಆ ಕಂಪೈಲರನ್ನೂ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದಾಗ. ಹೊರಗಿನ ಸ್ವಯಂಸೇವಕರ ದೃಷ್ಟಿಯಿಂದ ನೋಡಿದರೆ ಶಕ್ತಿ ನಿಜವಾಗಿ ತೆರೆದುಕೊಂಡದ್ದು ಅಂದೇ ಎಂದರೆ ತಪ್ಪಾಗಲಾರದು.

ಯಾವುದು ಇನ್ನೂ ತೆರೆದಿಲ್ಲವೆಂಬುದನ್ನೂ ಹೇಳಬೇಕು. ಮೂಲ ಬರಹದಿಂದ ಸಿಲಿಕಾನ್‌ವರೆಗಿನ ಹಾದಿಯಲ್ಲಿ, ಆಯಾ ಕಾರ್ಖಾನೆ ಎಷ್ಟು ಸಣ್ಣ ಗೆರೆಗಳನ್ನು ಎಷ್ಟು ಅಂತರದಲ್ಲಿ ಮೂಡಿಸಬಲ್ಲದೆಂಬ ವಿವರಗಳ ಕಟ್ಟೊಂದು ಬೇಕಾಗುತ್ತದೆ. ಅದನ್ನು ಕಾರ್ಖಾನೆಗಳು ಸಾಮಾನ್ಯವಾಗಿ ಗೋಪ್ಯತೆಯ ಕರಾರಿಗೆ ಸಹಿ ಹಾಕಿದವರಿಗಷ್ಟೇ ಕೊಡುತ್ತವೆ. ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 2020ರಲ್ಲಿ 130 ನ್ಯಾನೋಮೀಟರ್ ತಂತ್ರದ ಇಂಥ ಕಟ್ಟೊಂದನ್ನು ಮುಕ್ತವಾಗಿ ಪ್ರಕಟಿಸಿ ಆ ಗೋಡೆಯಲ್ಲಿ ಕಿಂಡಿ ಕೊರೆದವಾದರೂ, ಅದನ್ನು ನೆಚ್ಚಿ ಸಣ್ಣ ವಿನ್ಯಾಸಕಾರರಿಗೆ ಚಿಪ್ ಮಾಡಿಸಿಕೊಡುತ್ತಿದ್ದ ಇ-ಫ್ಯಾಬ್ಲೆಸ್ ಕಂಪನಿ 2025ರಲ್ಲಿ ಮುಚ್ಚಿತು. ಆದುದರಿಂದ ಸ್ವಯಂಸೇವಕರ ಕೈಗೆ ನಿಲುಕುವ ನೆಲ ಇಂದಿಗೂ ಮೂಲ ಬರಹ, ಅದರ ಪರೀಕ್ಷೆ, ಅದರ ಮೇಲೆ ಓಡುವ ತಂತ್ರಾಂಶ ಮತ್ತು ಅದರ ಕೈಪಿಡಿಗಳೇ.

ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ಒಂದೇ ಒಂದು ಆದೇಶವನ್ನು ಹಿಡಿದು ನೋಡಬಹುದು. ಶಾಲೆಯಲ್ಲಿ ಕಲಿತಂತೆ ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಲಾಗದು. ಹಲವು ಪ್ರೊಸೆಸರ್‌ಗಳು ಅಂಥ ಲೆಕ್ಕ ಎದುರಾದರೆ ಕೆಲಸ ನಿಲ್ಲಿಸಿ ದೂರು ಸಲ್ಲಿಸುತ್ತವೆ. ರಿಸ್ಕ್-ಫೈವ್ ಹಾಗೆ ಮಾಡುವುದಿಲ್ಲ. ಭಾಜಕ ಸೊನ್ನೆಯಾಗಿದ್ದರೆ ಭಾಗಲಬ್ಧದ ಎಲ್ಲ ಬಿಟ್‌ಗಳೂ 1 ಆಗಬೇಕು, ಶೇಷವಾಗಿ ಭಾಜ್ಯವೇ ಉಳಿಯಬೇಕು, ಯಂತ್ರ ನಿಲ್ಲಬಾರದು ಎಂದು ಸಂಹಿತೆ ಸ್ಪಷ್ಟವಾಗಿ ವಿಧಿಸುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂದರ್ಭವಿದೆ. ಚಿಹ್ನೆಸಹಿತ 32 ಬಿಟ್‌ಗಳಲ್ಲಿ ಹಿಡಿಸುವ ಅತಿ ಚಿಕ್ಕ ಸಂಖ್ಯೆ ಋಣ 2,14,74,83,648, ಅತಿ ದೊಡ್ಡದು ಧನ 2,14,74,83,647. ಈಗ ಆ ಅತಿ ಚಿಕ್ಕ ಸಂಖ್ಯೆಯನ್ನು ಋಣ 1ರಿಂದ ಭಾಗಿಸಿದರೆ ಬರಬೇಕಾದ ಉತ್ತರ 32 ಬಿಟ್‌ಗಳಲ್ಲಿ ಹಿಡಿಸದೆ ಒಂದೇ ಒಂದು ಅಂಕಿಯಷ್ಟು ಹೊರಗೆ ಉಳಿಯುತ್ತದೆ. ಆಗ ಭಾಗಲಬ್ಧವಾಗಿ ಅದೇ ಋಣ ಸಂಖ್ಯೆ, ಶೇಷವಾಗಿ ಸೊನ್ನೆ ಬರಬೇಕೆಂಬುದು ಸಂಹಿತೆಯ ತೀರ್ಪು. ಇವೆರಡನ್ನೂ ಪರೀಕ್ಷಿಸಲು ಹತ್ತು ಸಾಲಿನ ಪುಟ್ಟ ಪ್ರೋಗ್ರಾಮ್ ಸಾಕು. ಅದನ್ನು ಬರೆಯಲು ಪ್ರೊಸೆಸರ್ ವಿನ್ಯಾಸ ತಿಳಿದಿರಬೇಕಾಗಿಲ್ಲ, ಸಂಹಿತೆಯ ಆ ಒಂದು ಪುಟವನ್ನು ಎಚ್ಚರದಿಂದ ಓದಿದ್ದರಾಯಿತು.

ಬರೆದ ಪ್ರೋಗ್ರಾಮನ್ನು ಎರಡು ಕಡೆ ಓಡಿಸಬೇಕು. ಒಂದು, ಶಕ್ತಿಯ ಮೂಲ ಬರಹದಿಂದ ಪಡೆದ ವೆರಿಲಾಗನ್ನು ವೆರಿಲೇಟರ್ ಎಂಬ ಮುಕ್ತ ಸಾಧನದ ಮೂಲಕ ಸಾಮಾನ್ಯ ಗಣಕದಲ್ಲಿ ಓಡುವ ಪ್ರತಿಕೃತಿಯಾಗಿ ಪರಿವರ್ತಿಸಿ, ಅದರ ಮೇಲೆ. ಇನ್ನೊಂದು, ಬರ್ಕ್ಲಿಯಲ್ಲಿ ಸಿದ್ಧವಾದ ‘ಸ್ಪೈಕ್’ ಎಂಬ ಮಾದರಿಯ ಮೇಲೆ. ಸ್ಪೈಕ್‌ಗೆ ಹಂತಗಳ ಗೊಡವೆಯಿಲ್ಲ, ಸಂಹಿತೆ ಹೇಳಿದಂತೆ ಒಂದಾದ ಮೇಲೊಂದು ಆದೇಶವನ್ನು ನಡೆಸುವುದಷ್ಟೇ ಅದರ ಕೆಲಸ. ಆದುದರಿಂದಲೇ ಅದರ ಮಾತನ್ನು ಪ್ರಮಾಣವೆಂದು ಇಟ್ಟುಕೊಳ್ಳುತ್ತಾರೆ. ಎರಡೂ ತಮ್ಮ ನಡೆಯ ದಿನಚರಿಯನ್ನು ಸಾಲು ಸಾಲಾಗಿ ಬರೆದಿಡುತ್ತವೆ: ಯಾವ ವಿಳಾಸದ ಆದೇಶ ನಡೆಯಿತು, ಯಾವ ರಿಜಿಸ್ಟರಿಗೆ ಯಾವ ಬೆಲೆ ಬಂತು. ಎರಡು ದಿನಚರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸುತ್ತ ಹೋದರೆ, ಸಾವಿರಾರು ಸಾಲುಗಳು ಒಂದೇ ತೆರನಾಗಿದ್ದು ಒಂದು ಕಡೆ ಮೊದಲ ಬಾರಿಗೆ ಬೇರೆಯಾಗುತ್ತವೆ. ಆ ಮೊದಲ ಸಾಲೇ ಮುಖ್ಯ. ಅದರ ಕೆಳಗಿನ ವ್ಯತ್ಯಾಸಗಳೆಲ್ಲ ಹೆಚ್ಚಾಗಿ ಅದರ ಸಂತಾನ. ಕೈಯಿಂದ ಬರೆದ ಪರೀಕ್ಷೆಗಳಿಗೆ ಹೊಳೆಯದ ಮೂಲೆಗಳನ್ನು ಮುಟ್ಟಲೆಂದು, ಆದೇಶಗಳನ್ನು ಮನಬಂದಂತೆ ಬೆರೆಸಿ ಪ್ರೋಗ್ರಾಮ್‌ಗಳನ್ನು ತಾನಾಗಿ ರಚಿಸುವ ‘ಎಎಪಿಜಿ’ ಎಂಬ ಸಾಧನವನ್ನೂ ಶಕ್ತಿಯ ತಂಡದವರು ರೂಪಿಸಿ ಪ್ರಕಟಿಸಿದ್ದಾರೆ. ರಾತ್ರಿ ಮಲಗುವಾಗ ಅದನ್ನು ಓಡಲು ಬಿಟ್ಟು ಬೆಳಿಗ್ಗೆ ಎದ್ದು ಫಲಿತಾಂಶ ನೋಡುವುದಕ್ಕೆ ಹಳೆಯ ಲ್ಯಾಪ್‌ಟಾಪ್ ಮತ್ತು ತಾಳ್ಮೆ ಇದ್ದರೆ ಸಾಕು.

ವ್ಯತ್ಯಾಸ ಕಂಡುಬಂದಾಗ ಮಾಡಬೇಕಾದ ಕೆಲಸ ಅದನ್ನು ಕಿರಿದುಗೊಳಿಸುವುದು. ಐದು ಸಾವಿರ ಆದೇಶಗಳ ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆಯೆಂದು ವರದಿ ಮಾಡಿದರೆ ಅದನ್ನು ಬಿಡಿಸಿ ನೋಡುವ ಹೊರೆಯೆಲ್ಲ ವಿನ್ಯಾಸಕಾರರ ಮೇಲೆ ಬೀಳುತ್ತದೆ; ಅನಗತ್ಯವಾದುದನ್ನು ಒಂದೊಂದಾಗಿ ತೆಗೆಯುತ್ತ, ತೆಗೆದಾಗಲೆಲ್ಲ ತಪ್ಪು ಉಳಿದಿದೆಯೇ ಎಂದು ನೋಡುತ್ತ, ಕೊನೆಗೆ ಆರೇಳು ಆದೇಶಗಳಲ್ಲಿ ಅದೇ ತಪ್ಪು ಮರುಕಳಿಸುವಂತೆ ಮಾಡಿ ಕೊಟ್ಟರೆ ಅದು ನಿಜವಾದ ಕೊಡುಗೆಯಾಗುತ್ತದೆ. ವರದಿಯಲ್ಲಿ ಮೂಲ ಬರಹದ ಯಾವ ಆವೃತ್ತಿ, ಯಾವ ಕಂಪೈಲರ್, ಯಾವ ಸಂರಚನೆ ಎಂಬುದಿರಬೇಕು, ಸಂಹಿತೆಯ ಯಾವ ವಾಕ್ಯಕ್ಕೆ ಯಂತ್ರದ ನಡೆ ವಿರುದ್ಧವಾಗಿದೆ ಎಂಬುದನ್ನು ಬೊಟ್ಟುಮಾಡಿ ತೋರಿಸಿರಬೇಕು. ಅನೇಕ ಸಲ ಈ ಶೋಧ ಯಂತ್ರದ ತಪ್ಪಿನಲ್ಲಿ ಕೊನೆಗೊಳ್ಳದೆ ಪರೀಕ್ಷಿಸಿದವರ ತಿಳಿವಳಿಕೆಯ ತಪ್ಪಿನಲ್ಲಿ ಕೊನೆಗೊಳ್ಳುತ್ತದೆ. ಅದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ. ಕೈಪಿಡಿಯ ಯಾವ ವಾಕ್ಯ ದಾರಿ ತಪ್ಪಿಸಿತೋ ಅದನ್ನು ತಿದ್ದಿ ಬರೆದು ಕಳುಹಿಸಿದರೆ ಮುಂದೆ ಬರುವವರು ಅಲ್ಲಿ ಎಡವುವುದಿಲ್ಲ. ಕೈಪಿಡಿ ಎಲ್ಲಿ ಅಸ್ಪಷ್ಟವಾಗಿದೆಯೆಂಬುದನ್ನು ಕಾಣುವ ಶಕ್ತಿ ಹೊಸಬರಿಗೆ ಮಾತ್ರ ಇರುವುದು, ಅದೂ ಮೊದಲ ಕೆಲವು ವಾರಗಳು ಮಾತ್ರ. ರೂಢಿಯಾದ ಮೇಲೆ ಆ ಕಣ್ಣು ಹೋಗಿಬಿಡುತ್ತದೆ. ಆದುದರಿಂದ ಮೊದಲ ದಿನದಿಂದಲೇ ಎಲ್ಲೆಲ್ಲಿ ತಡವರಿಸಬೇಕಾಯಿತು ಎಂಬುದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಅತ್ಯಂತ ಬೆಲೆಯುಳ್ಳದ್ದು.

ಪ್ರತಿಕೃತಿಯ ಮೇಲಿನ ಕೆಲಸ ಕೈಗೆ ಹತ್ತಿದ ನಂತರವಷ್ಟೇ ಎಫ್‌ಪಿಜಿಎ ಇರುವ ಹಲಗೆ, ಅಂದರೆ ಬೋರ್ಡ್, ಕೊಳ್ಳುವ ಯೋಚನೆ ಮಾಡುವುದು ಒಳಿತು. ಎಫ್‌ಪಿಜಿಎ ಎಂಬುದು ತಯಾರಾದ ಮೇಲೂ ಒಳಸಂಪರ್ಕಗಳನ್ನು ಬೇಕೆಂದಂತೆ ಬದಲಿಸಿಕೊಳ್ಳಬಹುದಾದ ಚಿಪ್. ಸಿಲಿಕಾನ್‌ಗೆ ಇಳಿಯುವ ಮುನ್ನ ವಿನ್ಯಾಸವನ್ನು ನಿಜವಾದ ವಿದ್ಯುತ್ತಿನಲ್ಲಿ ಓಡಿಸಿ ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಶಕ್ತಿಯ ತಂಡದವರು ಆರ್ಟಿ ಎ7 ಎಂಬ ಬೋರ್ಡಿನ ಚಿಕ್ಕ ಮತ್ತು ದೊಡ್ಡ ಮಾದರಿಗಳಿಗೆ ಹೊಂದುವಂತೆ ಸಿದ್ಧಪಡಿಸಿದ ಮೂರು ವ್ಯವಸ್ಥೆಗಳಿಗೆ ಆಯುಧಗಳ ಹೆಸರಿಟ್ಟಿದ್ದಾರೆ: ಚಿಕ್ಕ ಬೋರ್ಡಿನ ಮೇಲಿನ ಇ-ಕ್ಲಾಸ್ ಪಿನಾಕ, ದೊಡ್ಡದರ ಮೇಲಿನ ಇ-ಕ್ಲಾಸ್ ಪರಶು, ಸಿ-ಕ್ಲಾಸ್ ವಜ್ರ. ಚಿಕ್ಕ ಬೋರ್ಡಿನ ಎಫ್‌ಪಿಜಿಎಯಲ್ಲಿ 33,280 ತರ್ಕಕೋಶಗಳಿದ್ದರೆ ದೊಡ್ಡದರಲ್ಲಿ 1,01,440 ಇವೆ. ಆ ಎಫ್‌ಪಿಜಿಎಗೆ ವಿನ್ಯಾಸವನ್ನು ಹೊಂದಿಸಿಕೊಡುವ ವಿವಾಡೊ ತಂತ್ರಾಂಶ ಮುಕ್ತವಲ್ಲವಾದರೂ ಈ ಬೋರ್ಡುಗಳ ಮಟ್ಟಿಗೆ ಹಣ ಕೊಡದೆ ದೊರೆಯುತ್ತದೆ, ಹತ್ತಾರು ಗಿಗಾಬೈಟ್ ಜಾಗವನ್ನು ನುಂಗುತ್ತದೆ.

ಬೋರ್ಡಿನ ಮುಂದೆ ಕುಳಿತ ಮೊದಲ ಸಂಜೆ ಹೆಚ್ಚಾಗಿ ಕಳೆದುಹೋಗುವುದು ತೀರ ಸಣ್ಣ ಕಾರಣಗಳಿಂದ. ಚೆನ್ನೈಯ ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್ ಬೆಂಗಳೂರಿನ ಎಸ್.ಪಿ. ರೋಡನ್ನು ಬಲ್ಲವರಿಗೆ ಪರಿಚಿತವೆನಿಸುವ ಬೀದಿ. ರೆಸಿಸ್ಟರಿನಿಂದ ಹಿಡಿದು ಬೆಸುಗೆಯ ಕಡ್ಡಿಯವರೆಗೆ ಎಲ್ಲವೂ ಅಲ್ಲಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಸಿಗುತ್ತದೆ. ಅಂಥಲ್ಲಿ ಕೊಂಡ ಯುಎಸ್‌ಬಿ ಕೇಬಲ್ ಫೋನ್ ಚಾರ್ಜ್ ಮಾಡಲೆಂದೇ ತಯಾರಾದದ್ದಾಗಿದ್ದರೆ ಅದರೊಳಗೆ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇದ್ದು ದತ್ತಾಂಶದ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಗಣಕಕ್ಕೆ ಮಾತ್ರ ಅದು ಕಾಣಿಸುವುದಿಲ್ಲ. ಸರಿಯಾದ ಕೇಬಲ್ ಸಿಕ್ಕ ಮೇಲೆ ಲಿನಕ್ಸ್ ಗಣಕದಲ್ಲಿ ಒಂದೇ ಬೋರ್ಡು ಎರಡು ದ್ವಾರಗಳಾಗಿ ತೋರುತ್ತದೆ, ಪ್ರೊಸೆಸರಿನ ಮಾತು ಬರುವುದು ಎರಡನೆಯದರಲ್ಲಿ. ಅದನ್ನು ತೆರೆಯಲು ಬಳಕೆದಾರರ ಖಾತೆಗೆ ಅನುಮತಿ ಇರಬೇಕು. ಶಕ್ತಿಯ ತಂತ್ರಾಂಶ ಕಟ್ಟು ಸೆಕೆಂಡಿಗೆ 19,200 ಬಿಟ್‌ಗಳ ವೇಗದಲ್ಲಿ ಮಾತನಾಡುತ್ತದೆ, ಅಂದರೆ ಒಂದೊಂದು ಬಿಟ್ ಸುಮಾರು 52 ಮೈಕ್ರೋಸೆಕೆಂಡುಗಳ ಕಾಲ ನಿಲ್ಲುತ್ತದೆ. ಕೇಳುವ ಕಡೆ ಬೇರೆ ವೇಗ ಇಟ್ಟಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಗೆರೆಗಳೂ ಚುಕ್ಕೆಗಳೂ ಮೂಡುತ್ತವೆ. ವೇಗ ಸರಿಪಡಿಸಿದೊಡನೆ ಆ ಕಸದ ಬದಲು ನಮಸ್ಕಾರದ ಒಂದು ಸಾಲು ಕಾಣಿಸಿಕೊಳ್ಳುವ ಗಳಿಗೆಯನ್ನು, ಮೂಲ ಬರಹವನ್ನು ಓದಿ ಬಂದವರು ಸುಲಭವಾಗಿ ಮರೆಯಲಾರರು: ಆ ಅಕ್ಷರಗಳನ್ನು ಕಳುಹಿಸಿದ ಯಂತ್ರದ ಒಂದೊಂದು ನಿಯಮವನ್ನೂ ಅವರು ಕಣ್ಣಾರೆ ಕಂಡಿರುತ್ತಾರೆ.

ದುಡಿಮೆ ಯಾರದಾಗುತ್ತದೆಂಬುದನ್ನು ಮುಂಚೆಯೇ ತಿಳಿದಿರುವುದು ಸ್ವಯಂಸೇವಕರ ಹಕ್ಕು. ಶಕ್ತಿಯ ಮೂಲ ಬರಹ ಬಿಎಸ್‌ಡಿ ಪರವಾನಗಿಯಡಿ ಪ್ರಕಟವಾಗಿದೆ. ಕರ್ತೃಗಳ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಅದನ್ನು ಬಳಸಬಹುದು, ತಮ್ಮ ಬದಲಾವಣೆಗಳನ್ನು ಹಂಚಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಹೀಗಾಗಿ ವಿದ್ಯಾರ್ಥಿಯೊಬ್ಬರು ಉಚಿತವಾಗಿ ತಿದ್ದಿಕೊಟ್ಟ ಸಾಲು ನಾಳೆ ಕಂಪನಿಯೊಂದರ ಮುಚ್ಚಿದ ಚಿಪ್‌ನೊಳಗೆ ಸೇರಬಹುದು. ಹಾಗಾಗಬಾರದೆನ್ನುವವರಿಗೆ ಸರ್ನ್ ಸಂಸ್ಥೆ ರೂಪಿಸಿದ ಯಂತ್ರಾಂಶ ಪರವಾನಗಿಯಂಥ, ಬದಲಾವಣೆಗಳನ್ನು ಮರಳಿ ಹಂಚಬೇಕೆಂದು ವಿಧಿಸುವ ಪರವಾನಗಿಗಳ ಯೋಜನೆಗಳಿವೆ. ಎರಡರಲ್ಲಿ ಯಾವುದೂ ಕೀಳಲ್ಲ. ಆದರೆ ಆಯ್ಕೆಯನ್ನು ಅರಿತು ಮಾಡಬೇಕು. ಇನ್ನೊಂದು ಮಾತೆಂದರೆ, ಶಕ್ತಿ ಮೂಲತಃ ವಿಶ್ವವಿದ್ಯಾಲಯದ ಪ್ರಯೋಗಾಲಯದ ಯೋಜನೆ. ಯಾವ ತಿದ್ದುಪಡಿ ಸೇರಬೇಕು, ಯಾವಾಗ ಚಿಪ್ ಮಾಡಿಸಬೇಕು ಎಂಬುದನ್ನು ನಿರ್ಧರಿಸುವವರು ಅಲ್ಲಿನ ಸಂಶೋಧಕರು, ಅವರಿಗೆ ಪರೀಕ್ಷೆಗಳೂ ಪ್ರಬಂಧಗಳೂ ಇರುತ್ತವೆ. ಉತ್ತರ ತಡವಾದರೆ ಅದನ್ನು ತಿರಸ್ಕಾರವೆಂದು ಬಗೆಯದೆ ಮತ್ತೊಮ್ಮೆ ಸೌಜನ್ಯದಿಂದ ನೆನಪಿಸುವುದು ವಾಡಿಕೆ.

ಈ ಹಾದಿಯಲ್ಲಿ ಕನ್ನಡ ನಾಡಿಗೆ ಹಳೆಯ ಪಾಲಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ರೂಪಿಸಿ 2001ರ ಏಪ್ರಿಲ್‌ನಲ್ಲಿ ಅನಾವರಣಗೊಳಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕ, ಯಂತ್ರಾಂಶಕ್ಕೆಂದೇ ಸಾರ್ವಜನಿಕ ಪರವಾನಗಿಯನ್ನು ಬರೆದುಕೊಂಡ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದರ ಹಲಗೆ ಮುಕ್ತವಾಗಿದ್ದರೂ ಅದರ ಗುಂಡಿಗೆಯಾಗಿದ್ದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇಂಟೆಲ್‌ನದಾಗಿತ್ತು, ಅದರೊಳಗೆ ಇಣುಕುವ ಅವಕಾಶ ಯಾರಿಗೂ ಇರಲಿಲ್ಲ. ಆದರೂ ಸಿಂಪ್ಯೂಟರಿಗಾಗಿ ಹುಟ್ಟಿದ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶವನ್ನು ಮುಂದೆ ಸ್ವಯಂಸೇವಕರು ಎತ್ತಿಕೊಂಡು ಬೆಳೆಸಿದರು. ಯಂತ್ರ ಮರೆಯಾದರೂ ಅದರ ಮುಕ್ತ ಭಾಗ ಉಳಿಯಿತು. ಬೆಂಗಳೂರು ಮುಟ್ಟಲಾಗದೆ ಬಿಟ್ಟ ಆ ಗುಂಡಿಗೆಯನ್ನು ಚೆನ್ನೈ ಹದಿಮೂರು ವರ್ಷಗಳ ಬಳಿಕ ಕೈಗೆತ್ತಿಕೊಂಡಿತೆಂದು ಈ ಎರಡು ಯೋಜನೆಗಳನ್ನು ಒಟ್ಟಿಗೆ ಓದುವುದು ನ್ಯಾಯವೆನಿಸುತ್ತದೆ.

ಆ ಕೆಲಸ ಕಾಗದದ ಮೇಲಷ್ಟೇ ಉಳಿದಿಲ್ಲ. 2018ರಲ್ಲಿ ಶಕ್ತಿಯ ಮೊದಲ ಚಿಪ್ ‘ರೈಸ್‌ಕ್ರೀಕ್’ ಅಮೆರಿಕದ ಒರೆಗಾನ್‌ನಲ್ಲಿರುವ ಇಂಟೆಲ್ ಕಾರ್ಖಾನೆಯಲ್ಲಿ 22 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಗಿ ಬಂದು ಲಿನಕ್ಸನ್ನು ನಡೆಸಿತು; ಅದೇ ವರ್ಷ ‘ರಿಮೋ’ ಎಂಬ ಇನ್ನೊಂದು ಚಿಪ್ ಚಂಡೀಗಢದ ಬಳಿಯ ಸರ್ಕಾರಿ ಅರೆವಾಹಕ ಪ್ರಯೋಗಾಲಯದಲ್ಲಿ 180 ನ್ಯಾನೋಮೀಟರ್ ತಂತ್ರದಲ್ಲಿ ಸಿದ್ಧವಾಯಿತು; 2020ರಲ್ಲಿ ‘ಮೂಷಿಕ್’ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶಕ್ತಿ ಮತ್ತು ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಪ್ರೊಸೆಸರ್‌ಗಳನ್ನು ಬಳಸಿ ಉಪಕರಣ ರೂಪಿಸುವ ಸ್ಪರ್ಧೆಯನ್ನು 4.3 ಕೋಟಿ ರೂಪಾಯಿ ಬಹುಮಾನದೊಡನೆ ಘೋಷಿಸಿದಾಗ ಸಾವಿರಾರು ತಂಡಗಳು ಹೆಸರು ನೋಂದಾಯಿಸಿದವು. ಆ ತಂಡಗಳಲ್ಲಿದ್ದ ಅನೇಕರಿಗೆ ಶಕ್ತಿಯ ಪರಿಚಯವಾದದ್ದೇ ಆಗ. 2025ರ ಫೆಬ್ರವರಿಯಲ್ಲಿ ಇಸ್ರೊ ಮತ್ತು ಐಐಟಿ ಮದ್ರಾಸ್ ಪ್ರಕಟಿಸಿದ ‘ಐರಿಸ್’, ಶಕ್ತಿಯನ್ನು ಆಧರಿಸಿದ ಬಾಹ್ಯಾಕಾಶ ನಿಯಂತ್ರಕ ಚಿಪ್. ಅದರ ಯೋಚನೆ ಮೊಳೆತದ್ದು ತಿರುವನಂತಪುರದ ಇಸ್ರೊ ಜಡತ್ವ ವ್ಯವಸ್ಥೆಗಳ ಘಟಕದಲ್ಲಿ, ಚಿಪ್ ಮೂಡಿದ್ದು ಚಂಡೀಗಢದ ಪ್ರಯೋಗಾಲಯದಲ್ಲಿ, ಅದಕ್ಕೆ ಹೊದಿಕೆ ತೊಡಿಸಿದ್ದು ಕರ್ನಾಟಕದಲ್ಲಿ, ಅದರ ಹಲಗೆ ತಯಾರಾದದ್ದು ಗುಜರಾತಿನಲ್ಲಿ, ಬಿಡಿಭಾಗಗಳ ಜೋಡಣೆ ನಡೆದದ್ದು ಚೆನ್ನೈಯಲ್ಲಿ. ಉಡಾವಣೆಯಾದ ಬಳಿಕ ರಿಪೇರಿಗೆ ಯಾರೂ ಹೋಗಲಾರದ ಕಡೆ ಇಂಥ ಚಿಪ್ ದುಡಿಯಬೇಕಾಗುತ್ತದೆಂಬುದನ್ನು ಗಮನಿಸಿದರೆ, ಸೊನ್ನೆಯಿಂದ ಭಾಗಿಸುವ ಆ ಹತ್ತು ಸಾಲಿನ ಪರೀಕ್ಷೆಯ ತೂಕ ಬೇರೆಯಾಗಿಯೇ ಕಾಣುತ್ತದೆ.

ಪರೀಕ್ಷಿಸಬೇಕಾದದ್ದು ಈಗ ಇನ್ನಷ್ಟು ಬೆಳೆದಿದೆ. ಒಂದೇ ಆದೇಶದಿಂದ ಅನೇಕ ಅಂಕಿಗಳ ಮೇಲೆ ಏಕಕಾಲಕ್ಕೆ ಲೆಕ್ಕ ನಡೆಸುವ ವೆಕ್ಟರ್ ವಿಸ್ತರಣೆ 2021ರಲ್ಲಿ ಅಂಗೀಕೃತವಾಯಿತು. ದೊಡ್ಡ ಕಾರ್ಯಾಚರಣ ವ್ಯವಸ್ಥೆಗಳನ್ನು ನಡೆಸುವ ರಿಸ್ಕ್-ಫೈವ್ ಯಂತ್ರಗಳಿಗೆಂದು 2024ರ ಅಕ್ಟೋಬರ್‌ನಲ್ಲಿ ಅಂಗೀಕೃತವಾದ ಮಾನದಂಡದಲ್ಲಿ ಅದು ಕಡ್ಡಾಯವಾಗಿದೆ. ಮೂಲ ಸಂಹಿತೆಯ ಆದೇಶಗಳು 40 ಆದರೆ ವೆಕ್ಟರ್‌ನವು ನೂರಾರು. ಅವುಗಳಲ್ಲಿ ಒಂದೊಂದೂ ಅಂಕಿಗಳ ಅಗಲ, ಗುಂಪಿನ ಗಾತ್ರ, ಯಾವ ಅಂಕಿಯನ್ನು ಬಿಡಬೇಕೆಂಬ ಮುಸುಕು ಬದಲಾದಂತೆಲ್ಲ ಬೇರೆ ಬೇರೆಯಾಗಿ ನಡೆಯಬೇಕು. ವೆಕ್ಟರ್ ಭಾಗಾಕಾರದಲ್ಲಿಯೂ ಸೊನ್ನೆ ಭಾಜಕವಾಗಿ ಬರಬಹುದು, ಅದೂ ಹದಿನಾರು ಅಂಕಿಗಳ ಗುಂಪಿನಲ್ಲಿ ಏಳನೆಯದರಲ್ಲಿ ಮಾತ್ರ.